ಹಳೆಯ ಕೈಗಡಿಯಾರದೊಳಗಿನ ಮೆಷಿನು ಯಾವುದು?

ಹಳೆಯ ಕೀಲಿ ಗಡಿಯಾರವನ್ನು ಕೊಂಡವರು ಬಿಡಿಭಾಗ ಬೇಕಾದಾಗ ಹೇಳುವುದು ಡಯಲ್ ಮೇಲಿನ ಹೆಸರನ್ನು. ಆದರೆ ಅನೇಕ ಸ್ವಿಸ್ ಕಂಪನಿಗಳು ಒಳಗಿನ ಮೆಷಿನನ್ನು ತಾವೇ ತಯಾರಿಸದೆ, ಎ. ಶಿಲ್ಡ್, ಯೂನಿಟಾಸ್ ಮುಂತಾದ ಕಾರ್ಖಾನೆಗಳಿಂದ ತರಿಸಿ, ಚಕ್ರಗಳನ್ನು ಮೇಲಿನಿಂದ ಹಿಡಿದಿಡುವ ಬ್ರಿಡ್ಜ್ ಎಂಬ ಪಟ್ಟಿಯ ಮೇಲೆ ತಮ್ಮ ಹೆಸರನ್ನು ಕೆತ್ತಿಸುತ್ತಿದ್ದವು. ಮೆಷಿನಿನ ನಿಜವಾದ ಗುರುತು ಸಾಮಾನ್ಯವಾಗಿ, ಅತ್ತಿತ್ತ ಆಡುತ್ತ ವೇಗವನ್ನು ನಿಯಂತ್ರಿಸುವ ಬ್ಯಾಲೆನ್ಸ್ ಚಕ್ರದ ಕೆಳಗೆ ಅಥವಾ ಪಕ್ಕದಲ್ಲಿ, ಮೂಲ ತಟ್ಟೆಯ ಮೇಲೆ ಇರುತ್ತದೆ.

ಈಚೆಗೆ ಗ್ರಾಹಕರೊಬ್ಬರು ತಂದ ಗಡಿಯಾರದಲ್ಲಿ ಆ ಜಾಗವನ್ನು ಲೂಪಿನಿಂದ (ಭೂತಗನ್ನಡಿಯಿಂದ) ನೋಡಿದಾಗ ಎ. ಶಿಲ್ಡ್ ಕಾರ್ಖಾನೆಯ ‘ಎಎಸ್’ ಎಂಬ ಮುದ್ರೆಯೂ 1130 ಎಂಬ ಮಾದರಿ ಸಂಖ್ಯೆಯೂ ಕಂಡವು. ತಟ್ಟೆಯ ವ್ಯಾಸ 29 ಮಿ.ಮೀ., ಅಂದರೆ ಸ್ವಿಸ್ ಅಳತೆಯಲ್ಲಿ ಸುಮಾರು 13 ಲೀನ್. 6ರ ಬಳಿ ಸೆಕೆಂಡಿನ ಚಿಕ್ಕ ಮುಳ್ಳು. ಎಲ್ಲವೂ ತಾಳೆಯಾಗಿತ್ತು. ಆದರೂ ಬ್ಯಾಲೆನ್ಸಿನ ಮೇಲಿನ ಬ್ರಿಡ್ಜಿನಲ್ಲಿ ಇನ್ಕಾಬ್ಲಾಕ್ ಎಂಬ ಆಘಾತರಕ್ಷಕದ ಸಣ್ಣ ಸ್ಪ್ರಿಂಗ್ ಇದ್ದು, ಕೆಳಗಿನ ತಟ್ಟೆಯಲ್ಲಿ ಮಾತ್ರ ಬ್ಯಾಲೆನ್ಸ್ ಅಕ್ಷದ ತುದಿ ಕೂರುವ ಬರಿಯ ಕಲ್ಲು ಇತ್ತು. ಆಘಾತರಕ್ಷಕವನ್ನು ಅಕ್ಷದ ಎರಡು ತುದಿಗೂ ಕೊಡುವುದೇ ಕ್ರಮ. 1130ರಲ್ಲಿ ಅದು ಇರುವ ಮತ್ತು ಇಲ್ಲದ ಎರಡೂ ಬಗೆಗಳು ಬಂದಿವೆ; ಇದರ ಮೇಲಿನ ಬ್ರಿಡ್ಜ್ ಒಂದು ಬಗೆಯದು, ತಟ್ಟೆ ಇನ್ನೊಂದು ಬಗೆಯದು. ಈ ಎರಡಕ್ಕೂ ಬ್ಯಾಲೆನ್ಸ್ ಅಕ್ಷವೇ ಬೇರೆಯಾದ್ದರಿಂದ, ಸಂಖ್ಯೆಯನ್ನಷ್ಟೇ ಹೇಳಿ ಅಕ್ಷ ತರಿಸಿದರೆ ಅದು ಒಂದು ತುದಿಯಲ್ಲಿ ಕೂತು ಇನ್ನೊಂದರಲ್ಲಿ ಕೂರದೆ ಹೋಗಬಹುದು.

ಸಂಖ್ಯೆ ಅಳಿಸಿಹೋಗಿದ್ದರೆ ನಾನು ಡಯಲ್ ಬಿಚ್ಚುತ್ತೇನೆ. ಕೀಲಿ ಕೊಡುವ ಮತ್ತು ಮುಳ್ಳು ತಿರುಗಿಸುವ ಸನ್ನೆಗಳನ್ನು (ಲಿವರುಗಳನ್ನು) ಹಿಡಿದಿಡುವ ಸ್ಪ್ರಿಂಗಿನ ಆಕಾರ ಮೆಷಿನಿನಿಂದ ಮೆಷಿನಿಗೆ ಬದಲಾಗುತ್ತದೆ. ಹಳೆಯ ಬಿಡಿಭಾಗಗಳ ಕ್ಯಾಟಲಾಗುಗಳಲ್ಲಿ ವ್ಯಾಸ ಮತ್ತು ಈ ಆಕಾರದ ಚಿತ್ರ, ಎರಡನ್ನೂ ಹೊಂದಿಸಿಯೇ ಹುಡುಕಬೇಕು. ಡಯಲನ್ನು ಮೆಷಿನಿಗೆ ಕೂರಿಸುವ ಹಿಂಬದಿಯ ಕಾಲುಗಳನ್ನು ಕತ್ತರಿಸಿ, ಡಯಲನ್ನು ಅಂಟಿಸಿದ್ದರೆ, ಅದು ಬೇರೆ ಮೆಷಿನಿಗಾಗಿ ಮಾಡಿದ ಡಯಲ್ ಎಂದೇ ನಾನು ಶಂಕಿಸುತ್ತೇನೆ.

ಕೊನೆಗೆ, ಬ್ಯಾಲೆನ್ಸ್ ಆ ಮೆಷಿನಿನದೇ ಎಂದು ತಿಳಿಯಲು ಹಲ್ಲುಗಳ ಲೆಕ್ಕ. ನಿಮಿಷಕ್ಕೊಮ್ಮೆ ಸುತ್ತುವ ನಾಲ್ಕನೆಯ ಚಕ್ರಕ್ಕೆ 70 ಹಲ್ಲು, ಬಡಿತಕ್ಕೆ ತಕ್ಕಂತೆ ತಡೆತಡೆದು ಸುತ್ತುವ ಎಸ್ಕೇಪ್ ಚಕ್ರದ ಪಿನಿಯನ್ನಿಗೆ (ಅದರ ಅಕ್ಷದ ಮೇಲಿನ ಚಿಕ್ಕ ಹಲ್ಲುಚಕ್ರಕ್ಕೆ) 7, ಎಸ್ಕೇಪ್ ಚಕ್ರಕ್ಕೆ 15 ಇದ್ದರೆ ಗಂಟೆಗೆ 18000 ಬಡಿತ ಬರುತ್ತದೆ. 21600 ಬಡಿತದ ಚಕ್ರಸಾಲಿಗೆ 18000ದ ಬ್ಯಾಲೆನ್ಸ್ ಹಾಕಿದ್ದರೆ ಗಡಿಯಾರ ನಿಲ್ಲದೆ ನಡೆದೂ ದಿನಕ್ಕೆ 4 ಗಂಟೆ ಹಿಂದೆ ಬೀಳುತ್ತದೆ. ಅದನ್ನು, ವೇಗವನ್ನು ತುಸುವೇ ಹೆಚ್ಚುಕಡಿಮೆ ಮಾಡುವ ರೆಗ್ಯುಲೇಟರ್ ಜರುಗಿಸಿ ಸರಿಪಡಿಸಲಾಗದು.

ಆ ಗ್ರಾಹಕರಿಗೆ ಇನ್ಕಾಬ್ಲಾಕ್ ಇಲ್ಲದ ಮೇಲಿನ ಬ್ರಿಡ್ಜನ್ನೂ ಅದಕ್ಕೆ ತಕ್ಕ ಅಕ್ಷವನ್ನೂ ಹುಡುಕಿ ಹಾಕಿಕೊಟ್ಟೆ. ಬಿಲ್ಲಿನಲ್ಲಿ ಡಯಲಿನ ಹೆಸರಿನ ಬದಲು ‘ಎಎಸ್ 1130, ಆಘಾತರಕ್ಷಕವಿಲ್ಲದ್ದು’ ಎಂದು ಬರೆದಿದ್ದೇನೆ.