ನಡೆಯುವವರಿಗೆ ಕಾಲಂ ಇಲ್ಲ

ರಸ್ತೆಯಲ್ಲಿ ಸಂಚಾರ ಎಷ್ಟಿದೆ ಎಂದು ಎಣಿಸುವುದು ನನ್ನ ವೃತ್ತಿಯ ಮೊದಲ ಕೆಲಸ. ಹುಡುಗರ ಕೈಗೆ ಫಾರಂ ಕೊಟ್ಟು ಕೂರಿಸುತ್ತೇವೆ. ಗಾಡಿ ಹೋದ ಹಾಗೆ ಗೀಟು ಹಾಕುತ್ತಾರೆ. ಆಮೇಲೆ ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ತರುತ್ತೇವೆ. ಹಳ್ಳಿಗಾಡಿನ ರಸ್ತೆಗಳಿಗೆಂದು, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 1990ರಲ್ಲಿ ಕೊಟ್ಟ ಪಟ್ಟಿಯಲ್ಲಿ ಕಾರಿಗೆ 1, ಬೈಕಿಗೆ 0.5, ಸೈಕಲ್ಲಿಗೂ 0.5, ಬಸ್ಸಿಗೆ 3, ಎತ್ತಿನ ಗಾಡಿಗೆ 8. ಯಾವ ಗಾಡಿ ರಸ್ತೆಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ, ಹಿಂದಿನವರನ್ನು ಎಷ್ಟು ತಡೆಯುತ್ತದೆ ಎಂಬ ಲೆಕ್ಕ ಅದು. ರಸ್ತೆ ಎಷ್ಟು ಅಗಲ ಬೇಕು ಎಂದು ಹೇಳಲು ಅಷ್ಟು ಸಾಕು. ಆದರೆ 50 ಜನರನ್ನು ಹೊತ್ತ ಬಸ್ಸು ಅಲ್ಲಿ ಮೂರು ಕಾರಿಗೆ ಸಮ. ರಸ್ತೆಯ ಅಂಚಿನಲ್ಲಿ ನಡೆದು ಹೋಗುವವರಿಗೆ ಅಂಕಿಯೇ ಇಲ್ಲ.

ಕೆಲವು ವರ್ಷಗಳ ಹಿಂದೆ ಸಕಲೇಶಪುರ ಕಡೆಯ ಒಂದು ಕೈಮರದಲ್ಲಿ, ಅಂದರೆ ದಾರಿ ಕವಲೊಡೆಯುವ ಜಾಗದಲ್ಲಿ, ಎಣಿಕೆ ಮಾಡಿಸುತ್ತಿದ್ದೆ. ತಂಗುದಾಣದಲ್ಲಿ ಕಾಲೇಜು ಮಕ್ಕಳು, ತೋಟದ ಕೂಲಿಯವರ ಲೈನ್ ಮನೆಗಳಿಂದ ಬಂದ ಹೆಂಗಸರು ಕಾಯುತ್ತಿದ್ದರು. ಒಬ್ಬ ಅಜ್ಜಿ ನಮ್ಮ ಹುಡುಗನನ್ನು ಕೇಳಿದರು: "ಏನಪ್ಪಾ ಬರ್ಕೊಳ್ತಿದೀಯ? ನಮ್ಮನ್ನೂ ಬರ್ಕೊ." "ಇಲ್ಲ ಅಜ್ಜಿ, ಬರೀ ಗಾಡಿ ಬರೀತಿದೀವಿ" ಅಂದ. "ಗಾಡಿ ಇಲ್ದೋರ್ನ ಯಾರು ಬರ್ಕೊಳ್ತಾರೆ?"

ಮಾರನೇ ದಿನ ಅದೇ ಫಾರಂನ ಪಕ್ಕದಲ್ಲಿ ಸ್ಕೇಲಿಟ್ಟು ಮೂರು ಗೆರೆ ಎಳೆದೆ. ನಡೆದು ಬಂದವರು, ಬಸ್ಸಿಗೆ ಕಾದವರು, ಕಾದು ವಾಪಸ್ ಹೋದವರು. ಅಂದಿನಿಂದ ಆ ಮೂರು ಕಾಲಂ ಇಲ್ಲದೆ ನಾನು ಎಣಿಕೆ ಮಾಡಿಸಿಲ್ಲ.

ಪರಿಸರಕ್ಕೆ ಹೊರೆಯಾಗದ ಸಾರಿಗೆಯ ಬಗ್ಗೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಸಭೆ ನಡೆದರೆ ಮಾತು ಬೇಗ ಜಾರುತ್ತದೆ. ಮುಳ್ಳಯ್ಯನಗಿರಿಗೆ ಶನಿವಾರ ಬರುವ ಕಾರುಗಳು, ಬೇಲೂರಿನ ಪಾರ್ಕಿಂಗ್, ವಿದ್ಯುತ್ ಕಾರಿನ ಚಾರ್ಜಿಂಗ್. ಇವೂ ಬೇಕಾದ ವಿಷಯಗಳೇ. ಆದರೆ ಎಲ್ಲವೂ ಗಾಡಿ ಇರುವವರ ಮಾತು. 2011ರ ಜನಗಣತಿಯಲ್ಲಿ ದೇಶದ 100 ಮನೆಗಳಲ್ಲಿ ಕಾರು, ಜೀಪು ಅಥವಾ ವ್ಯಾನು ಇದ್ದದ್ದು 5ಕ್ಕೂ ಕಡಿಮೆ ಮನೆಗಳಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕಾರಿದ್ದ ಮನೆ 100ಕ್ಕೆ 8ರ ಆಸುಪಾಸು. ಬೈಕು ಮಾತ್ರ ಈ ನಡುವೆ 21ರಿಂದ ಸುಮಾರು 50ಕ್ಕೆ ಏರಿತು.

ನನಗೆ ಚಿಂತೆ ಹುಟ್ಟಿಸುವುದು ಆ ಏರಿಕೆ. ದೊಡ್ಡ ನಗರದಲ್ಲಿ ಕಾರಿನವರನ್ನು ಬಸ್ಸಿಗೆ ಹೇಗೆ ತರುವುದು ಎಂದು ಯೋಚಿಸುತ್ತಾರೆ. ನಮ್ಮ ತಾಲೂಕುಗಳ ಜನ ಬಸ್ಸಿನಲ್ಲೇ ಇದ್ದಾರೆ, ಕಾಲ್ನಡಿಗೆಯಲ್ಲೇ ಇದ್ದಾರೆ. ಅವರನ್ನು ಬಸ್ಸಿನಿಂದ ಇಳಿಸದೆ ಉಳಿಸಿಕೊಳ್ಳುವುದು ನಮ್ಮ ಕೆಲಸ. ಸಂಜೆಯ ಕೊನೇ ಟ್ರಿಪ್ ನಿಂತರೆ ಆರು ತಿಂಗಳಲ್ಲಿ ಆ ಊರಿಗೆ ಸಾಲದ ಮೇಲೆ ಬೈಕುಗಳು ಬರುತ್ತವೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊಳ್ಳಲಾಗದವರು, ಮುಖ್ಯವಾಗಿ ಹೆಂಗಸರು ಮತ್ತು ವಯಸ್ಸಾದವರು, ಹೊರಗೆ ಹೋಗುವುದನ್ನೇ ಕಡಿಮೆ ಮಾಡುತ್ತಾರೆ.

ಇಂಧನದ ಲೆಕ್ಕವನ್ನೂ ನೋಡಿ. ನಮ್ಮ ಏರುರಸ್ತೆಯಲ್ಲಿ ಬಸ್ಸು ಲೀಟರಿಗೆ 4 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. 20 ಕಿ.ಮೀ.ಗೆ 5 ಲೀಟರ್. ನಲವತ್ತು ಜನ ಕೂತಿದ್ದರೆ ತಲೆಗೆ 125 ಮಿ.ಲೀ. ಅದೇ ದಾರಿಗೆ ಲೀಟರಿಗೆ 50 ಕಿ.ಮೀ. ಕೊಡುವ ಬೈಕಿನಲ್ಲಿ ಒಬ್ಬರೇ ಹೋದರೆ 400 ಮಿ.ಲೀ. ಬಸ್ಸಿನಲ್ಲಿ ಹದಿಮೂರು ಜನ ಇದ್ದರೂ ಸಾಕು, ಬೈಕಿಗಿಂತ ಅದೇ ಮೇಲು. ಅದಕ್ಕಿಂತ ಕಡಿಮೆಯಾದರೆ ದೊಡ್ಡ ಬಸ್ಸಿನ ಬದಲು ಮಿನಿ ಬಸ್ಸು ಹಾಕಿ ಎನ್ನುತ್ತೇನೆ. ಟ್ರಿಪ್ಪನ್ನೇ ತೆಗೆಯಬೇಡಿ.

ಮಲೆನಾಡಿಗೆ ಇದೆಲ್ಲ ಹೊಸದಲ್ಲ. ಕೊಪ್ಪದಲ್ಲಿ ಒಂದು ಖಾಸಗಿ ಬಸ್ ಕಂಪನಿಯ ಕಾರ್ಮಿಕರು 1991ರಲ್ಲಿ ಸೇರಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಎಲ್ಲರೂ ಮಾಲೀಕರೇ. ಸುಮಾರು ಮೂರು ದಶಕ ಘಟ್ಟದ ಊರುಗಳಿಗೆ ಆ ಬಸ್ಸುಗಳು ಓಡಿದವು. 2020ರಲ್ಲಿ ನಿಂತುಹೋದವು. ಅಂಥ ಸಂಸ್ಥೆ ನಿಂತಾಗ ಬಸ್ಸಿನ ಜೊತೆಗೆ ಯಾವ ಊರಿನವರಿಗೆ ಎಷ್ಟು ಹೊತ್ತಿಗೆ ಬಸ್ಸು ಬೇಕು ಎಂಬ ತಿಳಿವಳಿಕೆಯೂ ಹೋಗುತ್ತದೆ. ನನಗೆ ಈಗಲೂ ಅದು ನೋವಿನ ವಿಷಯ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಪ್ರತಿ ಹೆಣ್ಣುಮಗಳಿಗೆ ಶೂನ್ಯ ಟಿಕೆಟ್ ಹರಿದು ಕೊಡುವುದರಿಂದ ಎಷ್ಟು ಹೆಂಗಸರು ಎಲ್ಲಿಂದ ಎಲ್ಲಿಗೆ ಹೊರಟರು ಎಂಬುದು ದಾಖಲಾಗುತ್ತದೆ. ನಮ್ಮಂಥವರಿಗೆ ತುಂಬಾ ಬೆಲೆಯುಳ್ಳ ಮಾಹಿತಿ. ಆದರೂ ಬಸ್ಸು ಬಾರದೆ ಮನೆಗೆ ಮರಳಿದವರ ಟಿಕೆಟ್ ಯಾವ ಮೆಷಿನ್‌ನಲ್ಲೂ ಇರುವುದಿಲ್ಲ, ಅಲ್ವಾ? ಅದಕ್ಕೇ ನನ್ನ ಮೂರನೇ ಕಾಲಂ.

ಒಂದೇ ಜಿಲ್ಲೆಯೊಳಗೂ ಒಂದೇ ಮದ್ದು ನಡೆಯುವುದಿಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಅರಸೀಕೆರೆ, ಕಡೂರಿನ ಬಯಲಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಮೂಡಿಗೆರೆಯ ಏರಿನಲ್ಲಿ, ಜುಲೈ ಮಳೆಯಲ್ಲಿ, ಗೇರ್ ಇಲ್ಲದ ಸೈಕಲ್ಲನ್ನು ಮಗು ತಳ್ಳಿಕೊಂಡು ಹೋಗಬೇಕು. ಅಲ್ಲಿ ಬೇಕಿರುವುದು ಊರಲ್ಲೇ ರಾತ್ರಿ ತಂಗಿ ಬೆಳಿಗ್ಗೆ ಹೊರಡುವ ಹಾಲ್ಟಿಂಗ್ ಬಸ್ಸು.

ಆ ಕೈಮರದ ವಿಷಯಕ್ಕೆ ಬರುತ್ತೇನೆ. ಮೂರನೇ ಕಾಲಂ ತುಂಬಿದ್ದು ಸಂಜೆ, ಪೇಟೆಯ ತುದಿಯಲ್ಲಿ. ಕಾಲೇಜು ಬಿಡುವುದು ನಾಲ್ಕೂವರೆಗೆ, ಬಸ್ಸು ಹೊರಡುತ್ತಿದ್ದದ್ದು ನಾಲ್ಕು ಇಪ್ಪತ್ತಕ್ಕೆ. ಮುಂದಿನದು ಆರೂವರೆಗೆ. ಹೊಸ ಬಸ್ಸೂ ಬೇಡ, ಹಣವೂ ಬೇಡ, ನಾಲ್ಕು ಇಪ್ಪತ್ತರದನ್ನೇ ಅರ್ಧ ಗಂಟೆ ತಡವಾಗಿ ಬಿಡಿ ಎಂದು ಎಣಿಕೆಯ ಹಾಳೆ ಇಟ್ಟು ಕೇಳಿದೆವು. ಎರಡು ತಿಂಗಳು ಓಡಾಡಿದ ಮೇಲೆ ಸಮಯ ಬದಲಾಯಿತು. ಈಗ ಮಕ್ಕಳು ಬೆಳಕಿರುವಾಗಲೇ ಮನೆ ಸೇರುತ್ತಾರೆ. ಭಾನುವಾರದ ಟ್ರಿಪ್ ಇನ್ನೂ ಇಲ್ಲ. ಅದಕ್ಕಾಗಿ ಮುಂದಿನ ತಿಂಗಳು ಮತ್ತೆ ಅಲ್ಲಿ ಎಣಿಸಲು ಕೂರುತ್ತಿದ್ದೇವೆ.