ದಾರಿಯಲ್ಲಿ ನೆಟ್‌ವರ್ಕ್: ಕಡ್ಡಿ ಎಣಿಸುವುದನ್ನು ಬಿಟ್ಟು ಸಂಖ್ಯೆ ಓದಲು ಕಲಿತದ್ದು

ಕಳೆದ ತಿಂಗಳು ಅಕ್ಕ ಮತ್ತು ಭಾವನ ಜೊತೆ ಎಂಟು ದಿನ ಕಾರಿನಲ್ಲಿ ಸುತ್ತಾಡಿ ಬಂದೆ. ಬೆಂಗಳೂರಿನಿಂದ ಹಾಸನ, ಸಕಲೇಶಪುರ. ಶಿರಾಡಿ ಘಾಟಿ ಇಳಿದು ಮಂಗಳೂರು. ಕರಾವಳಿ ಹಿಡಿದು ಅಂಕೋಲಾ. ಅಲ್ಲಿಂದ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ಪಿಯುಸಿ ಮಕ್ಕಳಿಗೆ ದಿನವೂ ಸಂಜೆ ಒಂದು ಗಂಟೆ ಆನ್‌ಲೈನ್‌ನಲ್ಲಿ ಲೆಕ್ಕಶಾಸ್ತ್ರ ಹೇಳಿಕೊಡುವ ಕೆಲಸವನ್ನು ಬಿಡುವಂತಿರಲಿಲ್ಲ. ಅದಕ್ಕಾಗಿ ಓದಿ, ಎಡವಿ, ತಿಳಿದುಕೊಂಡದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಸಿಮ್ ಹಾಕುವುದು, ಹಾಟ್‌ಸ್ಪಾಟ್ ಹಚ್ಚುವುದು ಎಲ್ಲರಿಗೂ ಗೊತ್ತಿರುವುದರಿಂದ ಬಿಟ್ಟಿದ್ದೇನೆ.

ಡಾಂಗಲ್ ಬೇಕೇ, ಮೊಬೈಲ್ ಸಾಕೇ?

ನಾನು ಮೊದಲು ಹುಡುಕಿದ್ದು ಡಾಂಗಲ್‌ಗಳ, ಅಂದರೆ ಸಿಮ್ ಹಾಕಿದರೆ ಇಂಟರ್ನೆಟ್ ಹಂಚುವ ಪುಟ್ಟ ಸಾಧನಗಳ, ಬೆಲೆಯನ್ನು. ಅದಕ್ಕಿಂತ ಮೊದಲು ಹುಡುಕಬೇಕಾದದ್ದು ಯಾವ ಸಿಮ್‌ಗೆ ಆ ದಾರಿಯಲ್ಲಿ ಟವರ್ ಇದೆ ಎಂಬುದನ್ನು. ಡಾಂಗಲ್ ಸಿಗ್ನಲ್ ಹುಟ್ಟಿಸುವುದಿಲ್ಲ. ಇದ್ದದ್ದನ್ನು ಹಂಚುತ್ತದೆ, ಅಷ್ಟೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ನಿಯಮದ ಪ್ರಕಾರ ಮೊಬೈಲ್ ಕಂಪನಿಗಳು ತಮ್ಮ ಸೇವೆ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ಜಾಲತಾಣದಲ್ಲಿ ಹಾಕಬೇಕು. ಹೊರಡುವ ಮೊದಲು ಉಳಿಯುವ ಊರುಗಳನ್ನಾದರೂ ಅಲ್ಲಿ ನೋಡಿಕೊಳ್ಳಿ.

ಡಾಂಗಲ್ ಕೊಳ್ಳುವವರು ಮೂರು ವಿಷಯ ಕೇಳಿ ತಿಳಿಯಬೇಕು. ಅದು ಒಂದೇ ಕಂಪನಿಯ ಸಿಮ್‌ಗೆ ಬೀಗ ಬಿದ್ದದ್ದೇ? ನಮ್ಮ ದೇಶದ ಬ್ಯಾಂಡ್‌ಗಳೆಲ್ಲ (ಮೊಬೈಲ್ ಕಂಪನಿಗಳು ಬಳಸುವ ರೇಡಿಯೊ ಅಲೆಗಳ ಗುಂಪುಗಳು) ಅದರಲ್ಲಿವೆಯೇ? ವಿದೇಶದಿಂದ ನೆಂಟರು ತಂದುಕೊಟ್ಟದ್ದಾದರೆ ಇದನ್ನು ನೋಡಲೇಬೇಕು. ಮೂರನೆಯದು, ಅದು 4ಜಿ ಮಾತ್ರವೇ? ‘ಅನಿಯಮಿತ 5ಜಿ’ ಇರುವ ಸಿಮ್ ಅನ್ನು 4ಜಿ ಡಾಂಗಲ್‌ಗೆ ಹಾಕಿದರೆ ಆ ಅನಿಯಮಿತ ಸೌಲಭ್ಯ ಸಿಗುವುದಿಲ್ಲ. ದಿನದ ಮಿತಿಯಿಂದಲೇ ಡೇಟಾ ಕಳೆಯುತ್ತಾ ಹೋಗುತ್ತದೆ. ಘಟ್ಟದಲ್ಲಿ 5ಜಿ ಕೈಕೊಟ್ಟು ಮೊಬೈಲ್ 4ಜಿಗೆ ಇಳಿದಾಗಲೂ ಹೀಗೆಯೇ. ನಾವು ಮೂವರಿಗೆ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರುವ ಎರಡು ಮೊಬೈಲ್ ಸಾಕಾಯಿತು. ಡಾಂಗಲ್ ಕೊಳ್ಳಲಿಲ್ಲ.

ಬ್ಯಾಂಡ್

ಮೆಗಾಹರ್ಟ್ಸ್ ಎಂದರೆ ಅಲೆ ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ಕಂಪಿಸುತ್ತದೆ ಎಂಬ ಲೆಕ್ಕ. ಕಡಿಮೆ ಮೆಗಾಹರ್ಟ್ಸ್‌ನ ಅಲೆ ದೂರ ಹೋಗುತ್ತದೆ, ಗುಡ್ಡದ ಅಂಚನ್ನು ಬಳಸಿಕೊಂಡು ತಕ್ಕಮಟ್ಟಿಗೆ ಬಾಗುತ್ತದೆ, ಮರಗಿಡಗಳಲ್ಲಿ ಕಡಿಮೆ ಸೋರುತ್ತದೆ. ಹೆಚ್ಚು ಮೆಗಾಹರ್ಟ್ಸ್‌ನದು ಹತ್ತಿರದಲ್ಲಿ ವೇಗ ಕೊಡುತ್ತದೆ. ಅಲೆ ಉದ್ದವಿದ್ದಷ್ಟೂ ಬಾಗುವುದು ಸುಲಭ: 850 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, 2300ರದು ಸುಮಾರು 13. ಜಿಯೋ 4ಜಿಯಲ್ಲಿ 850, 1800, 2300; ಏರ್‌ಟೆಲ್‌ನಲ್ಲಿ 900, 1800, 2100, 2300; ಬಿಎಸ್‌ಎನ್‌ಎಲ್‌ನ ಹೊಸ 4ಜಿಯಲ್ಲಿ 700 ಮತ್ತು 2100 ಇವೆ. ಎಲ್ಲ ಟವರ್‌ನಲ್ಲೂ ಎಲ್ಲವೂ ಇರುವುದಿಲ್ಲ. ಡಾಂಗಲ್ ಪೆಟ್ಟಿಗೆಯ ಮೇಲೆ ಬ್ಯಾಂಡ್ ಸಂಖ್ಯೆ ಮಾತ್ರ ಅಚ್ಚಾಗಿರುತ್ತದೆ, ಅದಕ್ಕೂ ಮೆಗಾಹರ್ಟ್ಸ್‌ಗೂ ಕ್ರಮವಿಲ್ಲ: 5 ಎಂದರೆ 850, 8 ಎಂದರೆ 900, 3 ಎಂದರೆ 1800, 28 ಎಂದರೆ 700, 40 ಎಂದರೆ 2300. ಇದನ್ನು ಬಾಯಿಪಾಠ ಮಾಡದೆ ಬೇರೆ ದಾರಿ ಕಾಣಲಿಲ್ಲ.

ಡಿಬಿಎಂ: ನಾನು ಸಿಕ್ಕಿಹಾಕಿಕೊಂಡ ಜಾಗ

ಸಕಲೇಶಪುರದ ಹೋಂಸ್ಟೇಯಲ್ಲಿ ನನ್ನ ಮೊಬೈಲ್‌ನಲ್ಲಿ ಸಿಗ್ನಲ್ ತೋರಿಸುವ ಮೂರು ಕಡ್ಡಿ, ಅಕ್ಕನದರಲ್ಲಿ ಎರಡು. “ಮೂರು ಇದೆಯಲ್ಲಮ್ಮ, ನಿನ್ನದರಲ್ಲೇ ಪಾಠ ಮಾಡು” ಎಂದರು ಭಾವ. ಮಾಡಿದೆ. ಹತ್ತೇ ನಿಮಿಷದಲ್ಲಿ ಮಕ್ಕಳಿಗೆ ನನ್ನ ಮಾತು ತುಂಡುತುಂಡಾಗಿ ಕೇಳಿಸತೊಡಗಿತು. ಅಕ್ಕನ ಹಾಟ್‌ಸ್ಪಾಟ್‌ಗೆ ಬದಲಾಯಿಸಿದ ಮೇಲೆ ಸರಿಯಾಯಿತು. ಎರಡು ಕಡ್ಡಿ ಮೂರು ಕಡ್ಡಿಯನ್ನು ಸೋಲಿಸಿದ್ದು ಹೇಗೆ?

ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದನ್ನು ಆಯಾ ಮೊಬೈಲ್ ತಯಾರಕರೇ ತೀರ್ಮಾನಿಸುತ್ತಾರೆ. ಎಲ್ಲರಿಗೂ ಒಪ್ಪಿತವಾದ ಅಳತೆಯಿಲ್ಲ. ಹಾಗಾಗಿ ಎರಡು ಮೊಬೈಲ್‌ಗಳ ಕಡ್ಡಿಯನ್ನು ಹೋಲಿಸಬಾರದು. ಹೋಲಿಸಬೇಕಾದದ್ದು ಡಿಬಿಎಂ ಸಂಖ್ಯೆಯನ್ನು, ಅಂದರೆ ಮೊಬೈಲ್‌ಗೆ ತಲುಪುವ ಸಿಗ್ನಲ್‌ನ ಬಲದ ಅಳತೆಯನ್ನು. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಫೋನಿನ ಬಗೆಗಿನ ಮಾಹಿತಿಯಲ್ಲಿ ಸಿಮ್ ಸ್ಥಿತಿ ಎಂಬಲ್ಲಿ ಇದು ಸಿಗುತ್ತದೆ. ನನ್ನದು −107, ಅಕ್ಕನದು −97.

ಇಲ್ಲಿ ಎರಡು ಬಾರಿ ಎಡವಿದೆ. ಮೊದಲು, 107 ದೊಡ್ಡದಲ್ಲವೇ ಎಂದುಕೊಂಡೆ. ಮುಂದೆ ಋಣಚಿಹ್ನೆ ಇದೆ. −107 ಎಂದರೆ −97ಕ್ಕಿಂತ ಕೆಳಗೆ. ಸಾಲವಿದ್ದ ಹಾಗೆ: ನೂರಾ ಏಳು ರೂಪಾಯಿ ಸಾಲದವನು ತೊಂಬತ್ತೇಳು ರೂಪಾಯಿ ಸಾಲದವನಿಗಿಂತ ಬಡವ. ಲೆಕ್ಕಶಾಸ್ತ್ರದವಳಾದ ನನಗೆ ಇದು ಬೇಗ ಕೂತಿತು.

ಎರಡನೆಯದು ಬೇಗ ಕೂರಲಿಲ್ಲ. ಹತ್ತೇ ಅಂಕದ ವ್ಯತ್ಯಾಸವಲ್ಲವೇ, ಶೇಕಡ ಹತ್ತರಷ್ಟು ಕಡಿಮೆ ಇರಬಹುದು ಎಂದು ಒಂದು ರಾತ್ರಿಯೆಲ್ಲ ನಂಬಿದ್ದೆ. ಸಾಲದ ಹೋಲಿಕೆಯೇ ನನ್ನನ್ನು ದಾರಿ ತಪ್ಪಿಸಿದ್ದು. ಸಾಲದಲ್ಲಿ ಹತ್ತು ಎಂದರೆ ಹತ್ತು ರೂಪಾಯಿ. ಡಿಬಿಎಂನಲ್ಲಿ ಹತ್ತು ಎಂದರೆ ಹತ್ತು ಪಟ್ಟು. ಕೂಡುವ ಕಳೆಯುವ ಲೆಕ್ಕದಂತೆ ಕಂಡರೂ ಒಳಗೆ ನಡೆಯುವುದು ಗುಣಾಕಾರ, ಭಾಗಾಕಾರ.

ಮೆಟ್ಟಿಲು ಮೆಟ್ಟಿಲಾಗಿ ಇಳಿಯೋಣ. 0 ಡಿಬಿಎಂ ಎಂದರೆ ಒಂದು ಮಿಲಿವ್ಯಾಟ್. −10 ಎಂದರೆ ಅದರ ಹತ್ತನೇ ಒಂದು ಪಾಲು. −20 ಎಂದರೆ ನೂರನೇ ಒಂದು ಪಾಲು. −30 ಸಾವಿರದಲ್ಲಿ ಒಂದು ಪಾಲು. ಹೀಗೆ ಇಳಿಯುತ್ತಾ −90ಕ್ಕೆ ಬಂದರೆ ನೂರು ಕೋಟಿಯಲ್ಲಿ ಒಂದು ಪಾಲು, −100ಕ್ಕೆ ಸಾವಿರ ಕೋಟಿಯಲ್ಲಿ ಒಂದು ಪಾಲು. ಇಷ್ಟೆಲ್ಲ ಸೊನ್ನೆ ಬರೆಯುವ ಕಷ್ಟ ತಪ್ಪಿಸಲೆಂದೇ ಈ ಅಳತೆ. ಅಂದರೆ ಅಕ್ಕನ ಮೊಬೈಲ್‌ಗೆ ಬರುತ್ತಿದ್ದ ಸಿಗ್ನಲ್ ನನ್ನದಕ್ಕಿಂತ ಪೂರ್ತಿ ಹತ್ತು ಪಟ್ಟು ಹೆಚ್ಚು.

ನನಗೆ ಬಹಳ ಪ್ರಿಯವಾದ ಕಿರುದಾರಿ: ಹತ್ತಕ್ಕೆ ಹತ್ತು ಪಟ್ಟು, ಮೂರಕ್ಕೆ ಎರಡು ಪಟ್ಟು. ಇವೆರಡೇ ನೆನಪಿದ್ದರೆ ಹೆಚ್ಚಿನ ಲೆಕ್ಕ ಬಾಯಲ್ಲೇ ಆಗುತ್ತದೆ. 13 ಎಂದರೆ 10 ಮತ್ತು 3, ಆದ್ದರಿಂದ ಹತ್ತೆರಡಲ ಇಪ್ಪತ್ತು ಪಟ್ಟು. 7 ಎಂದರೆ 10ರಲ್ಲಿ 3 ಕಳೆದದ್ದು, ಆದ್ದರಿಂದ ಹತ್ತನ್ನು ಎರಡರಿಂದ ಭಾಗಿಸಿ ಐದು ಪಟ್ಟು. 17? ನೂರರ ಅರ್ಧ, ಐವತ್ತು. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಇದನ್ನೇ ಅಭ್ಯಾಸ ಮಾಡಿದೆ. ಘಾಟಿ ಇಳಿಯುವಾಗ ಬೇರೇನೂ ತೆರೆದುಕೊಳ್ಳುತ್ತಲೂ ಇರಲಿಲ್ಲ.

ನನ್ನ ಅನುಭವದ ಗೆರೆ ಇಷ್ಟು: −90ರ ಮೇಲಿದ್ದರೆ ನಿಶ್ಚಿಂತೆ, −100ರ ಆಸುಪಾಸಿನಲ್ಲಿ ವಿಡಿಯೊ ನಡೆಯುತ್ತದೆ, −110ಕ್ಕಿಂತ ಕೆಳಗಿಳಿದರೆ ಧ್ವನಿ ಮಾತ್ರ ಇಟ್ಟುಕೊಳ್ಳಿ. ಸಂಖ್ಯೆ ಚೆನ್ನಾಗಿದ್ದೂ ಏನೂ ತೆರೆಯದಿದ್ದರೆ ಸಾಮಾನ್ಯವಾಗಿ ಆ ಟವರನ್ನು ಒಟ್ಟಿಗೆ ಬಳಸುತ್ತಿರುವ ಜನ ಹೆಚ್ಚಾಗಿದ್ದಾರೆ ಎಂದು ಅರ್ಥ. ರಜೆಯ ದಿನ ಸಮುದ್ರದಂಡೆಯಲ್ಲಿ ಹೀಗಾಯಿತು. ಅಲ್ಲಿ ಎರಡನೇ ಕಂಪನಿಯ ಸಿಮ್ ಕಾಪಾಡಿತು.

ಡೇಟಾ

ದಿನದ 1.5 ಜಿಬಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ ಎಂದು ಪ್ಲ್ಯಾನ್‌ಗಳಲ್ಲಿ ಬರೆದಿರುತ್ತದೆ. ಅದು ಕಿಲೋಬಿಟ್, ಕಿಲೋಬೈಟ್ ಅಲ್ಲ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 8 ಕಿಲೋಬೈಟ್. ವಾಟ್ಸ್‌ಆ್ಯಪ್ ಅಕ್ಷರಗಳು ಹೋಗುತ್ತವೆ, ಪಾಠ ನಡೆಯುವುದಿಲ್ಲ. ದಾರಿಯ ನಕ್ಷೆಯನ್ನು ಮೊದಲೇ ಆಫ್‌ಲೈನ್‌ಗೆ ಇಳಿಸಿಕೊಳ್ಳಿ.

ಕಾರಿನೊಳಗೆ

ಹಳೆಯ ಕಾರುಗಳಲ್ಲಿ ಹಾಡಿಗೆಂದು ಕೊಟ್ಟ ಯುಎಸ್‌ಬಿ ಕಿಂಡಿ ಅರ್ಧ ಆಂಪಿಯರ್‌ನಷ್ಟೇ ಕೊಡಬಹುದು. ಹಾಟ್‌ಸ್ಪಾಟ್ ಮತ್ತು ನಕ್ಷೆ ಎರಡೂ ನಡೆಯುತ್ತಿದ್ದರೆ ಚಾರ್ಜಿಗೆ ಹಾಕಿದ್ದರೂ ಬ್ಯಾಟರಿ ಇಳಿಯುತ್ತದೆ. 12 ವೋಲ್ಟ್ ಸಾಕೆಟ್‌ಗೆ ಹಾಕುವ ವೇಗದ ಚಾರ್ಜರ್ ಕೊಳ್ಳಿ. ಮೊಬೈಲ್ ಕಿಟಕಿಯ ಬಳಿ ಇರಲಿ, ಬಿಸಿಲಿನಲ್ಲಿ ಬೇಡ. ಸಿಗ್ನಲ್ ಬೂಸ್ಟರ್ ಮಾರುವವರ ಮಾತಿಗೆ ಮರುಳಾಗಬೇಡಿ: ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ, ಅಕ್ಕಪಕ್ಕದವರ ಕರೆಗಳನ್ನೂ ಅದು ಕೆಡಿಸುತ್ತದೆ. ಜಮ್ಮು–ಕಾಶ್ಮೀರ ಅಥವಾ ಲಡಾಖ್‌ಗೆ ಹೊರಟವರು ಪೋಸ್ಟ್‌ಪೇಯ್ಡ್ ಸಿಮ್ ಒಯ್ಯಿರಿ; ಹೊರರಾಜ್ಯದ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ.

ಯಲ್ಲಾಪುರದ ಮನೆಯಲ್ಲಿ ಕೋಣೆಯೊಳಗೆ −114 ಇತ್ತು. ಸಂಖ್ಯೆ ನೋಡುತ್ತಾ ಅಂಗಳವೆಲ್ಲ ನಡೆದೆ. ಬಾವಿಕಟ್ಟೆಯ ಹತ್ತಿರ −97. ಹದಿನೇಳು ಅಂಕ, ಐವತ್ತು ಪಟ್ಟು! ಮೊಬೈಲ್ ಸಿಗ್ನಲ್ ಇರುವಲ್ಲಿ ಇರಬೇಕೇ ಹೊರತು ನಾನೂ ಅಲ್ಲೇ ಕೂರಬೇಕಿಲ್ಲ ಎಂದು ಆಗ ಹೊಳೆಯಿತು. ಹಾಟ್‌ಸ್ಪಾಟ್‌ನ ವೈಫೈ ಅಷ್ಟು ದೂರ ಸುಲಭವಾಗಿ ಬರುತ್ತದೆ. ಮೊಬೈಲನ್ನು ಪವರ್ ಬ್ಯಾಂಕ್ ಸಮೇತ ಬಾವಿಕಟ್ಟೆಯ ಪಕ್ಕದ ಒಗೆಯುವ ಕಲ್ಲಿನ ಮೇಲಿಟ್ಟು, ಲ್ಯಾಪ್‌ಟಾಪ್ ತೆರೆದು ಜಗಲಿಯಲ್ಲಿ ಕೂತೆ. ಸವಕಳಿಯ ಪಾಠ ಒಮ್ಮೆಯೂ ಕಡಿಯದೆ ಮುಗಿಯಿತು.