ಸೈಟ್ ಯಾರೇ ಕಟ್ಟಲಿ, ಹೆಸರು ನಿಮ್ಮ ಕೈಯಲ್ಲಿರಲಿ: ಡೊಮೇನ್, ಡಿಎನ್‌ಎಸ್ ಮತ್ತು ಇಮೇಲ್ ಬಗ್ಗೆ ಕಲಿಕೆಯ ಟಿಪ್ಪಣಿ

ನನ್ನ ಚಿಕ್ಕಮ್ಮ ಸಾಗರದ ಹತ್ತಿರ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಒಂದು ವರ್ಷ ಮಿಡಿ ಬರುವ ಹೊತ್ತಿಗೆ ಸರಿಯಾಗಿ ಅವರ ವೆಬ್‌ಸೈಟ್ ನಿಂತುಹೋಯಿತು. "ವ್ಯಾಪಾರ ನಿಲ್ಲಿಸಿದ್ರಾ?" ಅಂತ ಗಿರಾಕಿಗಳು ಫೋನ್ ಮಾಡಿ ಕೇಳತೊಡಗಿದರು. ಹೋಸ್ಟಿಂಗ್ ಹಣ ಕಟ್ಟಿತ್ತು. ಫೈಲುಗಳೆಲ್ಲ ಸರ್ವರಿನಲ್ಲಿ ಹಾಗೇ ಇದ್ದವು. ಡೊಮೇನ್ ಹೆಸರಿನ ಅವಧಿ ಮಾತ್ರ ಮುಗಿದಿತ್ತು. ಸೈಟ್ ಮಾಡಿಕೊಟ್ಟ ಹುಡುಗ ಆ ಹೆಸರನ್ನು ತನ್ನ ಇಮೇಲ್ ಕೊಟ್ಟು ಕೊಂಡಿದ್ದ. ಆಮೇಲೆ ಬೇರೆ ಕೆಲಸ ಸಿಕ್ಕಿ ಊರು ಬಿಟ್ಟ, ಆ ಇಮೇಲ್ ನೋಡುವುದನ್ನೂ ಬಿಟ್ಟ. ಅವನಿಗೆ ಕೆಟ್ಟ ಉದ್ದೇಶ ಏನೂ ಇರಲಿಲ್ಲ. ನಾವು ಹುಡುಕಿ ಫೋನ್ ಮಾಡಿದಾಗ ಅದೇ ದಿನ ಲಾಗಿನ್ ಆಗಿ ಹೆಸರು ಉಳಿಸಿಕೊಟ್ಟ.

ಆಮೇಲೆ ನಾನು ಈ ವಿಷಯವನ್ನು ಬುಡದಿಂದ ಕಲಿತೆ. ಸಣ್ಣ ವ್ಯಾಪಾರಕ್ಕೆ ಸೈಟ್ ನಡೆಸುವವರಿಗೂ ಅಂಥವರಿಗೆ ಸೈಟ್ ಮಾಡಿಕೊಡುವ ಫ್ರೀಲಾನ್ಸರುಗಳಿಗೂ ಈ ಟಿಪ್ಪಣಿ.

ಹೆಸರು, ಜಾಗ, ಟಪಾಲು

ಮೊದಲು ಇದನ್ನು ಬಿಡಿಸಿಕೊಳ್ಳಿ. ಡೊಮೇನ್ ಅಂದರೆ ಹೆಸರು. ಅದನ್ನು ರಿಜಿಸ್ಟ್ರಾರ್, ಅಂದರೆ ಹೆಸರು ನೋಂದಾಯಿಸಿಕೊಡುವ ಕಂಪನಿಯ ಹತ್ತಿರ ವರ್ಷದ ಲೆಕ್ಕದಲ್ಲಿ ಪಡೆಯುತ್ತೇವೆ. ಒಂದೇ ಸಲಕ್ಕೆ ಜಾಸ್ತಿ ಅಂದರೆ ಹತ್ತು ವರ್ಷ. ಹೋಸ್ಟಿಂಗ್ ಅಂದರೆ ಸೈಟಿನ ಫೈಲುಗಳು ಕೂತಿರುವ ಜಾಗ. ಇಮೇಲ್ ಮೂರನೆಯದು. ಮೂರೂ ಒಂದೇ ಕಂಪನಿಯಲ್ಲಿ ಇರಬಹುದು, ಮೂರು ಕಡೆಯೂ ಇರಬಹುದು. ಒಂದೇ ಬಿಲ್ಲಿನಲ್ಲಿ ಬಂದರೆ ಮೂರೂ ಒಂದೇ ಅನ್ನಿಸುತ್ತದೆ. ಅನೇಕರು ಎಡವುವುದು ಇಲ್ಲೇ.

ಹೋಸ್ಟಿಂಗ್ ಹೋದರೆ ಬೇರೆ ಕಡೆ ಕೊಳ್ಳಬಹುದು. ಸೈಟ್ ಅಳಿಸಿಹೋದರೆ ಮತ್ತೆ ಕಟ್ಟಬಹುದು. ಹೆಸರು ಹೋದರೆ ಹೋಯಿತು. ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುವುದು, ಗಿರಾಕಿಗೆ ನೆನಪಿರುವುದು ಅದೇ ಹೆಸರು.

ಅವಧಿ ಮುಗಿದ ತಕ್ಷಣ ಹೆಸರು ಬೇರೆಯವರ ಪಾಲಾಗುವುದಿಲ್ಲ. ಡಾಟ್ ಕಾಮ್‌ನಂಥ ಹೆಸರುಗಳಿಗೆ ಮೊದಲು 45 ದಿನದವರೆಗೆ, ಹಳೆಯ ಮಾಲೀಕರು ನವೀಕರಿಸಿಕೊಳ್ಳಬಹುದಾದ ಒಂದು ಹಂತ ಇದೆ. ಅದರಲ್ಲಿ ಎಷ್ಟು ದಿನ ಬಿಡಬೇಕು ಅನ್ನುವುದು ರಿಜಿಸ್ಟ್ರಾರ್ ಕೈಯಲ್ಲಿದೆ. ಈ ಹಂತದಲ್ಲೇ ಹೆಸರನ್ನು ಹರಾಜಿಗೆ ಇಡುವವರೂ ಇದ್ದಾರೆ. ರಿಜಿಸ್ಟ್ರಾರ್ ಹೆಸರನ್ನು ಅಳಿಸಿದ ಮೇಲೆ 30 ದಿನದ ರಿಡೆಂಪ್ಶನ್ ಶುರುವಾಗುತ್ತದೆ. ಆಗಲೂ ಹಿಂದಕ್ಕೆ ಪಡೆಯಬಹುದು, ಆದರೆ ಮಾಮೂಲಿ ನವೀಕರಣದ ದುಡ್ಡಿಗಿಂತ ಬಹಳ ಜಾಸ್ತಿ ಕಟ್ಟಬೇಕಾಗುತ್ತದೆ. ಕೊನೆಗೆ 5 ದಿನ ಯಾರೂ ಏನೂ ಮಾಡಲು ಬರುವುದಿಲ್ಲ. ಅದು ಕಳೆದರೆ ಮೊದಲು ಕೇಳಿದವರಿಗೆ ಹೆಸರು.

ಇಂಥ ಹೆಸರುಗಳ ವಿಷಯದಲ್ಲಿ ರಿಜಿಸ್ಟ್ರಾರ್ ಸುಮಾರು ಒಂದು ತಿಂಗಳು ಮೊದಲು ಮತ್ತು ಒಂದು ವಾರ ಮೊದಲು ನೆನಪಿನ ಇಮೇಲ್ ಕಳಿಸಲೇಬೇಕು ಅಂತ, ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮ ಇದೆ. ಆ ಇಮೇಲ್ ಯಾರಿಗೆ ಹೋಗುತ್ತದೆ? ಮಾಲೀಕ ಅಂತ ಖಾತೆಯಲ್ಲಿ ದಾಖಲಾಗಿರುವವರಿಗೆ. ಚಿಕ್ಕಮ್ಮನ ವಿಷಯದಲ್ಲಿ ನಿಯಮ ಪಾಲನೆಯಾಗಿತ್ತು, ಇಮೇಲ್ ಹೋಗಿತ್ತು. ಯಾರೂ ನೋಡದ ಇನ್‌ಬಾಕ್ಸಿಗೆ ಹೋಗಿತ್ತು, ಅಷ್ಟೆ.

ಹಾಗಾಗಿ ಡೊಮೇನ್ ಖಾತೆ ವ್ಯಾಪಾರದ ಮಾಲೀಕರ ಹೆಸರಿನಲ್ಲೇ ಇರಬೇಕು. ಖಾತೆಯ ಇಮೇಲ್ ಅವರು ದಿನಾ ನೋಡುವಂಥದ್ದಾಗಿರಬೇಕು. ಅದೇ ಡೊಮೇನ್ ಮೇಲಿನ ಇಮೇಲ್ ಮಾತ್ರ ಬೇಡ. ಹೆಸರು ನಿಂತರೆ ಅದೂ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ದಾರಿಯೂ ಮುಚ್ಚುತ್ತದೆ.

"ಆಟೋ ರಿನ್ಯೂ ಟಿಕ್ ಹಾಕಿದ್ದೇನೆ, ಸಾಕಲ್ವಾ?" ಅಂತ ನನ್ನನ್ನು ತುಂಬಾ ಜನ ಕೇಳಿದ್ದಾರೆ. ನಮ್ಮ ದೇಶದಲ್ಲಿ ಅಷ್ಟು ಸಾಲದು. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಗ್ರಾಹಕ ಮೊದಲು ಓಟಿಪಿ ಕೊಟ್ಟು ಒಪ್ಪಿಗೆ ದಾಖಲಿಸಬೇಕು. ಪ್ರತಿ ಸಲ ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕ್ ತಿಳಿಸಬೇಕು. ಆ ಒಪ್ಪಿಗೆ ದಾಖಲಾಗದ ಕಾರ್ಡಿನಲ್ಲಿ ಕಡಿತ ಆಗುವುದಿಲ್ಲ. ವಿದೇಶಿ ಕಂಪನಿಗಳಲ್ಲಿ ಡೊಮೇನ್ ಇಟ್ಟವರಿಗೆ ಇದರ ಬಿಸಿ ಜಾಸ್ತಿ ತಟ್ಟಿದೆ. ಟಿಕ್ ಇರಲಿ, ಆದರೂ ಎರಡು ತಿಂಗಳು ಮೊದಲೇ ಕೈಯಾರೆ ಕಟ್ಟಿಬಿಡಿ. ಮೊದಲೇ ಕಟ್ಟಿದರೆ ದಿನ ನಷ್ಟವಾಗುವುದಿಲ್ಲ. ಹೊಸ ವರ್ಷ ಹಳೆಯ ಅವಧಿಯ ತುದಿಗೇ ಸೇರುತ್ತದೆ.

ಹೆಸರಿನಿಂದ ಜಾಗಕ್ಕೆ ಹೋಗುವ ದಾರಿ

ಹೆಸರು ಕೊಟ್ಟರೆ ಸರ್ವರಿನ ವಿಳಾಸ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಮಲೆನಾಡಿನಲ್ಲಿ ಗೊತ್ತಿಲ್ಲದ ಮನೆ ಹುಡುಕಿಕೊಂಡು ಹೋದವರಿಗೆ ಡಿಎನ್‌ಎಸ್ ಸುಲಭವಾಗಿ ಅರ್ಥವಾಗುತ್ತದೆ. ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಮನೆ ಯಾವುದು ಅಂತ ಹೇಳಲಾರರು. ಆ ಊರಿನ ಬಸ್ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಊರಿನಲ್ಲಿ ಇಳಿದು ಅಂಗಡಿಯಲ್ಲಿ ಕೇಳಿದರೆ ತೋಟದ ದಾರಿ ತೋರಿಸುತ್ತಾರೆ. ತೋಟದ ಹತ್ತಿರದವರು ಮನೆಯನ್ನೇ ತೋರಿಸುತ್ತಾರೆ. ಕಂಪ್ಯೂಟರ್ ಕೂಡ ಹೀಗೇ ಕೇಳುತ್ತಾ ಹೋಗುತ್ತದೆ. ರೂಟ್ ಸರ್ವರ್ ಹೇಳುವುದು ಡಾಟ್ ಕಾಮ್ ಯಾರ ಕೈಯಲ್ಲಿದೆ ಅಂತ. ಡಾಟ್ ಕಾಮ್ ಹೇಳುವುದು ನಿಮ್ಮ ಹೆಸರಿನ ನೇಮ್‌ಸರ್ವರ್ ಯಾವುದು ಅಂತ. ನಿಜವಾದ ವಿಳಾಸ ಕೊಡುವುದು ಆ ನೇಮ್‌ಸರ್ವರ್.

ಇದಕ್ಕಿಂತ ಮೊದಲು ಇಡೀ ಜಾಲದ ಹೆಸರುಗಳು ಒಂದೇ ಫೈಲಿನಲ್ಲಿದ್ದವು. ಆ ಫೈಲನ್ನು ಅಮೆರಿಕದ ಒಂದು ಸಂಶೋಧನಾ ಸಂಸ್ಥೆ ನೋಡಿಕೊಳ್ಳುತ್ತಿತ್ತು. ಹೆಸರುಗಳು ಹೆಚ್ಚಾದಾಗ ಅದು ನಿಭಾಯಿಸಲಾಗದಷ್ಟು ಬೆಳೆಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಈ ಕೇಳುತ್ತಾ ಹೋಗುವ ವ್ಯವಸ್ಥೆಯನ್ನು ರೂಪಿಸಿದರು. ನಾಲ್ಕು ದಶಕ ಕಳೆದರೂ ಬುಡದಲ್ಲಿ ಅದೇ ಇದೆ.

ನೇಮ್‌ಸರ್ವರ್ ಒಳಗೆ ರೆಕಾರ್ಡುಗಳಿರುತ್ತವೆ. ಎ ರೆಕಾರ್ಡ್ ಸೈಟಿನ ಸರ್ವರ್ ವಿಳಾಸ ಹೇಳುತ್ತದೆ. ಸಿನೇಮ್ "ಆ ಇನ್ನೊಂದು ಹೆಸರನ್ನು ನೋಡಿ" ಅನ್ನುತ್ತದೆ. ಎಂಎಕ್ಸ್ ಇಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತದೆ. ಟೆಕ್ಸ್ಟ್ ರೆಕಾರ್ಡಿನಲ್ಲಿ ಬರಹ ಇಡಬಹುದು. ಅದರ ಉಪಯೋಗ ಮುಂದೆ ಬರುತ್ತದೆ.

ಹೋಸ್ಟಿಂಗ್ ಬದಲಿಸುವಾಗ ಆಗುವ ದೊಡ್ಡ ಅನಾಹುತ ಈ ರೆಕಾರ್ಡುಗಳಿಂದಲೇ. ಹೊಸ ಕಂಪನಿ "ನೇಮ್‌ಸರ್ವರ್ ನಮ್ಮದಕ್ಕೆ ಬದಲಿಸಿ" ಅಂತ ಎರಡು ಸಾಲು ಕಳಿಸುತ್ತದೆ. ನೀವು ಬದಲಿಸುತ್ತೀರಿ. ಸೈಟ್ ಚೆನ್ನಾಗಿ ತೆರೆಯುತ್ತದೆ, ಖುಷಿಯಾಗುತ್ತದೆ. ಮೂರು ದಿನ ಆದ ಮೇಲೆ "ಇಮೇಲೇ ಬರ್ತಿಲ್ಲ" ಅಂತ ಮಾಲೀಕರ ಫೋನ್. ಯಾಕೆ ಅಂದರೆ ಎಂಎಕ್ಸ್ ರೆಕಾರ್ಡ್ ಹಳೆಯ ನೇಮ್‌ಸರ್ವರಿನಲ್ಲೇ ಉಳಿಯಿತು. ರೆಕಾರ್ಡುಗಳು ತಾವಾಗಿ ಜೊತೆಗೆ ಬರುವುದಿಲ್ಲ. ಆದ್ದರಿಂದ ಕೈ ಹಾಕುವ ಮೊದಲು ಹಳೆಯ ರೆಕಾರ್ಡುಗಳೆಲ್ಲದರ ಸ್ಕ್ರೀನ್‌ಶಾಟ್ ತೆಗೆದು, ಒಂದೊಂದನ್ನೂ ಹೊಸ ಕಡೆ ಬರೆದು, ಆಮೇಲೆ ನೇಮ್‌ಸರ್ವರ್ ಬದಲಿಸಿ. ಎಷ್ಟೋ ಸಲ ನೇಮ್‌ಸರ್ವರ್ ಮುಟ್ಟಲೇಬೇಕಿಲ್ಲ. ಎ ರೆಕಾರ್ಡ್ ಒಂದನ್ನು ಬದಲಿಸಿದರೆ ಸಾಕು. ನಾನಂತೂ ಈಗ ಹಾಗೇ ಮಾಡುತ್ತೇನೆ.

ಇನ್ನೊಂದು ಮಾತು ಎಲ್ಲ ಕಡೆ ಕೇಳುತ್ತೀರಿ: "ಬದಲಾವಣೆ ಹರಡಲು 48 ಗಂಟೆ ಬೇಕು." ನಿಜ ಹೇಳಬೇಕೆಂದರೆ ಯಾವುದೂ ಎಲ್ಲಿಗೂ ಹರಡುವುದಿಲ್ಲ. ಒಮ್ಮೆ ಕೇಳಿ ತಿಳಿದ ಉತ್ತರವನ್ನು ಇಂಟರ್‌ನೆಟ್ ಕಂಪನಿಗಳ ಸರ್ವರುಗಳು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತವೆ. ಎಷ್ಟು ಕಾಲ ಅನ್ನುವುದನ್ನು ಹೇಳುವುದು ರೆಕಾರ್ಡಿನ ಟಿಟಿಎಲ್. ಅದು ಸೆಕೆಂಡಿನ ಲೆಕ್ಕ. 86400 ಅಂದರೆ ಒಂದು ದಿನ, 300 ಅಂದರೆ ಐದು ನಿಮಿಷ. ಡಾಟ್ ಕಾಮ್ ಸರ್ವರುಗಳು ನೇಮ್‌ಸರ್ವರ್ ಉತ್ತರಕ್ಕೆ ಇಟ್ಟಿರುವ ಟಿಟಿಎಲ್ 172800, ಅಂದರೆ ಸರಿಯಾಗಿ 48 ಗಂಟೆ. ಇದು ತಿಳಿದರೆ ಕಾಯುವ ಕಷ್ಟ ಕಡಿಮೆ ಮಾಡಿಕೊಳ್ಳಬಹುದು. ಎ ರೆಕಾರ್ಡ್ ಬದಲಿಸುವ ಒಂದೆರಡು ದಿನ ಮೊದಲೇ ಅದರ ಟಿಟಿಎಲ್ 300ಕ್ಕೆ ಇಳಿಸಿ. ಹಳೆಯ ನೆನಪೆಲ್ಲ ಕಳೆದ ಮೇಲೆ ವಿಳಾಸ ಬದಲಿಸಿ. ಐದು ಹತ್ತು ನಿಮಿಷದಲ್ಲಿ ಹೆಚ್ಚಿನವರಿಗೆ ಹೊಸ ಸರ್ವರ್ ಸಿಗುತ್ತದೆ. ಹಳೆಯ ಹೋಸ್ಟಿಂಗ್ ಒಂದು ವಾರ ಹಾಗೇ ನಡೆಯುತ್ತಿರಲಿ.

ಆರ್ಡರ್ ಫಾರಂ ಸ್ಪ್ಯಾಮಿಗೆ ಯಾಕೆ ಹೋಗುತ್ತದೆ

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎಲ್ಲಕ್ಕಿಂತ ಜಾಸ್ತಿ ದಿನ ಬೇಕಾಯಿತು.

ಗಿರಾಕಿ ಸೈಟಿನ ಫಾರಂ ತುಂಬುತ್ತಾರೆ, ತಮ್ಮ ಇಮೇಲ್ ವಿಳಾಸ ಬರೆಯುತ್ತಾರೆ. ಅನೇಕ ಸೈಟುಗಳಲ್ಲಿ ಫಾರಂ ಅದೇ ವಿಳಾಸವನ್ನು "ಫ್ರಮ್" ಜಾಗದಲ್ಲಿ ಹಾಕಿ ಮಾಲೀಕರಿಗೆ ಇಮೇಲ್ ಕಳಿಸುವಂತೆ ಮಾಡಿರುತ್ತಾರೆ. ರಿಪ್ಲೈ ಒತ್ತಿದರೆ ನೇರ ಗಿರಾಕಿಗೆ ಹೋಗಲಿ ಅನ್ನುವ ಒಳ್ಳೆಯ ಉದ್ದೇಶ. ಆದರೆ ತಲುಪುವ ಕಡೆಯ ಸರ್ವರಿಗೆ ಕಾಣುವುದೇ ಬೇರೆ. ಜಿಮೇಲ್ ಅಥವಾ ಯಾಹೂ ವಿಳಾಸ ಹೊತ್ತ ಇಮೇಲ್, ಬಂದದ್ದು ಯಾವುದೋ ಹೋಸ್ಟಿಂಗ್ ಸರ್ವರಿನಿಂದ. ಬೇರೆಯವರ ಸಹಿ ಹಾಕಿ ಕಾಗದ ಕಳಿಸಿದ ಹಾಗೆ. "ನಮ್ಮ ಹೆಸರಿನಲ್ಲಿ ಬೇರೆ ಕಡೆಯಿಂದ ಬಂದರೆ ತಿರಸ್ಕರಿಸಿ" ಅಂತ ಯಾಹೂ 2014ರ ಏಪ್ರಿಲ್‌ನಲ್ಲೇ ಲೋಕಕ್ಕೆಲ್ಲ ಹೇಳಿಬಿಟ್ಟಿದೆ. ಅಂಥ ಆರ್ಡರ್ ಸ್ಪ್ಯಾಮಿಗೂ ಬರದೆ ಕಾಣೆಯಾಗಬಹುದು.

ಮದ್ದು ಸುಲಭ. ಫ್ರಮ್ ಜಾಗದಲ್ಲಿ ನಿಮ್ಮದೇ ಡೊಮೇನ್‌ನ ವಿಳಾಸ ಇಡಿ. ಗಿರಾಕಿಯ ವಿಳಾಸವನ್ನು "ರಿಪ್ಲೈ ಟು" ಜಾಗಕ್ಕೆ ಹಾಕಿ. ಉತ್ತರ ಆಗಲೂ ಗಿರಾಕಿಗೇ ಹೋಗುತ್ತದೆ. ಜೊತೆಗೆ ಸರ್ವರಿನ ಮಾಮೂಲಿ ಮೇಲ್ ಬಿಟ್ಟು, ನಿಮ್ಮ ಇಮೇಲ್ ಖಾತೆಯ ಎಸ್‌ಎಂಟಿಪಿ (ಲಾಗಿನ್ ಆಗಿ ಇಮೇಲ್ ಕಳಿಸುವ ದಾರಿ) ಮೂಲಕ ಕಳಿಸುವ ಹಾಗೆ ಮಾಡಿ. ಸೈಟ್ ಕಟ್ಟುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್‌ಗೆ ಇದಕ್ಕಾಗಿ ಉಚಿತ ಪ್ಲಗಿನ್‌ಗಳಿವೆ.

ಇನ್ನು ನಿಮ್ಮ ಹೆಸರಿನ ಸಾಚಾತನಕ್ಕೆ ಟೆಕ್ಸ್ಟ್ ರೆಕಾರ್ಡುಗಳು ಬೇಕು. ಎಸ್‌ಪಿಎಫ್ ಅನ್ನುವುದು ನಿಮ್ಮ ಹೆಸರಿನಲ್ಲಿ ಇಮೇಲ್ ಕಳಿಸಲು ಯಾವ ಸರ್ವರುಗಳಿಗೆ ಅನುಮತಿ ಇದೆ ಅಂತ ಹೇಳುವ ಪಟ್ಟಿ. ಡಿಕಿಮ್ ಪ್ರತಿ ಇಮೇಲ್‌ಗೂ ಬೀಳುವ ಡಿಜಿಟಲ್ ಸಹಿ. ಅದನ್ನು ಪರೀಕ್ಷಿಸುವ ಕೀಲಿ ಡಿಎನ್‌ಎಸ್‌ನಲ್ಲಿ ಇರುತ್ತದೆ. ಡಿಮಾರ್ಕ್ ಅಂದರೆ ಇವೆರಡೂ ಹೊಂದದಿದ್ದರೆ ಏನು ಮಾಡಬೇಕು ಅನ್ನುವ ಸೂಚನೆ. ಗೂಗಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ಈ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ ಮೂರೂ ಕಡ್ಡಾಯ. ನಮ್ಮಂಥ ಸಣ್ಣವರಿಗೆ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಬೇಕು. ನನ್ನ ಸಲಹೆ ಕೇಳಿದರೆ ಮೂರನ್ನೂ ಹಾಕಿ. ಅರ್ಧ ಗಂಟೆಯ ಕೆಲಸ.

ಒಂದು ಡೊಮೇನ್‌ಗೆ ಎಸ್‌ಪಿಎಫ್ ರೆಕಾರ್ಡ್ ಒಂದೇ ಇರಬೇಕು ಅನ್ನುವುದು ನೆನಪಿರಲಿ. ಹೊಸ ಸೇವೆ ಸೇರಿಸುವಾಗ ಎರಡನೆಯದನ್ನು ಹಾಕಿದರೆ ಎರಡೂ ಕೆಡುತ್ತವೆ. ಇರುವ ಸಾಲಿಗೇ ಸೇರಿಸಿ.

ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಡುವ, ಬೀಗದ ಗುರುತಿನ ಸರ್ಟಿಫಿಕೇಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಒಳ್ಳೆಯ ಹೋಸ್ಟಿಂಗ್‌ನಲ್ಲಿ ತಾನೇ ನವೀಕರಣವಾಗುತ್ತದೆ. 2029ರ ಮಾರ್ಚ್‌ನಿಂದ ಯಾವ ಸರ್ಟಿಫಿಕೇಟಿಗೂ 47 ದಿನಕ್ಕಿಂತ ಜಾಸ್ತಿ ಆಯುಸ್ಸು ಇರದ ಹಾಗೆ ನಿಯಮ ಆಗಿದೆ. ಕೈಯಿಂದ ಹಾಕುವ ಅಭ್ಯಾಸ ಇದ್ದವರು ಈಗಲೇ ಬಿಡಿ.

ಬ್ಯಾಕಪ್ ಇದೆ ಅನ್ನುವುದು ಬೇರೆ, ತೆರೆದು ನೋಡುವುದು ಬೇರೆ

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಒಂದು ಇಡೀ ಕಟ್ಟಡ ಸುಟ್ಟುಹೋಯಿತು. ಬ್ಯಾಕಪ್ ಇದ್ದೂ ಎಲ್ಲವನ್ನೂ ಕಳೆದುಕೊಂಡ ಗ್ರಾಹಕರಿದ್ದರು, ಏಕೆಂದರೆ ಆ ಬ್ಯಾಕಪ್ ಕೂಡ ಅದೇ ಆವರಣದಲ್ಲಿತ್ತು. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಕಾಣುವ ಬ್ಯಾಕಪ್ ಒಂದನ್ನೇ ನಂಬಬೇಡಿ. ತಿಂಗಳಿಗೊಮ್ಮೆಯಾದರೂ ನಿಮ್ಮ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ.

ವರ್ಡ್‌ಪ್ರೆಸ್ ಆದರೆ ಎರಡು ಭಾಗ ಬೇಕು: ಫೈಲುಗಳು ಮತ್ತು ಡೇಟಾಬೇಸ್. ಚಿತ್ರಗಳು ಫೈಲಿನಲ್ಲಿರುತ್ತವೆ, ನೀವು ಬರೆದ ಮಾತೆಲ್ಲ ಡೇಟಾಬೇಸಿನಲ್ಲಿರುತ್ತದೆ. ಕನ್ನಡದ ಸೈಟಿಗೆ ಇನ್ನೂ ಒಂದು ಎಚ್ಚರಿಕೆ ಬೇಕು. ಡೇಟಾಬೇಸ್ ಟೇಬಲ್ಲು ಹಳೆಯ ಲ್ಯಾಟಿನ್ ಅಕ್ಷರ ಪದ್ಧತಿಯಲ್ಲಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರಬಹುದು. ಹಾಗೆ ಸೇವ್ ಆದದ್ದನ್ನು ಮತ್ತೆ ಅಕ್ಷರ ಮಾಡಲು ಆಗುವುದಿಲ್ಲ. ಯುಟಿಎಫ್8ಎಂಬಿ4 ಅನ್ನುವ ಪದ್ಧತಿ ಇದೆಯೇ ನೋಡಿಕೊಳ್ಳಿ. ಬ್ಯಾಕಪ್ಪನ್ನು ಬೇರೆ ಒಂದು ಜಾಗದಲ್ಲಿ ರಿಸ್ಟೋರ್ ಮಾಡಿ, ಒಂದು ಕನ್ನಡ ಪುಟ ತೆರೆದು, ಒತ್ತಕ್ಷರ ಇರುವ ನಾಲ್ಕು ಸಾಲು ಓದಿ. ಅಷ್ಟಾದ ಮೇಲೆ ನೆಮ್ಮದಿಯಾಗಿರಿ.

ಫ್ರೀಲಾನ್ಸರುಗಳು ಕೊಡಬೇಕಾದ ಒಂದು ಹಾಳೆ

ಕೆಲಸ ಮುಗಿದ ದಿನ ಮಾಲೀಕರ ಕೈಗೆ ಒಂದು ಹಾಳೆ ಕೊಡಿ. ಡೊಮೇನ್ ಯಾವ ರಿಜಿಸ್ಟ್ರಾರ್ ಹತ್ತಿರ ಇದೆ, ಯಾವ ಇಮೇಲ್‌ನಲ್ಲಿದೆ, ಯಾವ ತಾರೀಖಿಗೆ ಮುಗಿಯುತ್ತದೆ. ಹೋಸ್ಟಿಂಗ್ ಎಲ್ಲಿ, ಇಮೇಲ್ ಎಲ್ಲಿ, ಬ್ಯಾಕಪ್ ಎಲ್ಲಿ. ಡಿಎನ್‌ಎಸ್ ರೆಕಾರ್ಡುಗಳ ಪೂರ್ತಿ ಪಟ್ಟಿ. ಪಾಸ್‌ವರ್ಡ್ ಮಾತ್ರ ಆ ಹಾಳೆಯಲ್ಲಿ ಬರೆಯಬೇಡಿ. ಅದನ್ನು ಅವರೇ ನಿಮ್ಮೆದುರು ಬದಲಿಸಿಕೊಳ್ಳಲಿ. ಹಾಳೆ ಕೊಟ್ಟರೆ ಗಿರಾಕಿ ಕೈತಪ್ಪುತ್ತಾರೆ ಅನ್ನುವ ಹೆದರಿಕೆ ಕೆಲವರಿಗಿದೆ. ನನ್ನ ಅನುಭವದಲ್ಲಿ ಹಾಳೆ ತೆಗೆದುಕೊಂಡವರೇ ಮುಂದಿನ ಕೆಲಸಕ್ಕೂ ಫೋನ್ ಮಾಡಿದ್ದಾರೆ.

ಚಿಕ್ಕಮ್ಮನ ಹಾಳೆ ಈಗ ಅವರ ಎಫ್‌ಎಸ್‌ಎಸ್‌ಎಐ ಪತ್ರ ಇರುವ ಫೈಲಿನಲ್ಲೇ ಇದೆ. ಡೊಮೇನ್ ಮುಗಿಯುವ ತಾರೀಖಿನ ಕೆಳಗೆ ಅವರೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ.